ಫ್ರಿಜ್ ಅಲಾರಂ: ಯಾವುದಕ್ಕೆ ಎದ್ದು ಓಡಬೇಕು, ಯಾವುದನ್ನ ಬೆಳಿಗ್ಗೆ ನೋಡಿದರೆ ಸಾಕು?

ಪ್ರಶ್ನೆ, ಮಂಡ್ಯದಿಂದ: ನಮ್ಮ ನರ್ಸಿಂಗ್ ಹೋಮ್ ಸ್ಟೋರ್‌ನಲ್ಲಿ ಲಸಿಕೆಗೆ ಒಂದು ಐಎಲ್‌ಆರ್ (ಒಳಗೆ ಐಸ್ ಪದರ ಇರೋ ಫ್ರಿಜ್), ಇನ್ಸುಲಿನ್‌ಗೆ ಒಂದು ಮಾಮೂಲಿ ಫ್ರಿಜ್ ಇದೆ. ಎರಡಕ್ಕೂ ಸೆನ್ಸರ್ ಹಾಕಿಸಿದ ಮೇಲೆ ದಿನವಿಡೀ ಮೆಸೇಜ್. ಬಾಗಿಲು ತೆಗೆದರೂ ಅದೇ ಕೂಗು, ಕರೆಂಟ್ ಹೋದರೂ ಅದೇ ಕೂಗು. ಹುಡುಗರು ಫೋನ್ ಸೈಲೆಂಟ್ ಮಾಡಿ ಮಲಗ್ತಿದ್ದಾರೆ. ನೀವೆಲ್ಲ ಹೇಗೆ ವಿಂಗಡಿಸ್ತೀರಿ?

ಫಾರ್ಮಾಸಿಸ್ಟ್, ಮೈಸೂರು: ಮೇಡಂ, ಡಿಗ್ರಿ ಒಂದನ್ನೇ ಹಿಡ್ಕೊಂಡು ಹಂತ ಮಾಡಬೇಡಿ. ಎಷ್ಟು ಹೊತ್ತಾಯ್ತು, ಏರ್ತಿದೆಯೋ ಇಳೀತಿದೆಯೋ, ಒಳಗೇನಿದೆ, ಇಷ್ಟೂ ನೋಡಬೇಕು. ಲಸಿಕೆಗೆ 2ರಿಂದ 8 ಡಿಗ್ರಿ ಅಂತ ಎಲ್ಲರೂ ಹೇಳ್ತಾರೆ. ಆದರೆ ವಿಶ್ವ ಆರೋಗ್ಯ ಸಂಸ್ಥೆಯ ಮಾನದಂಡದ ಲಾಗರ್, ಅಂದ್ರೆ ಟೆಂಪರೇಚರ್ ದಾಖಲಿಸೋ ಯಂತ್ರ, 8 ದಾಟಿ ಸತತ 10 ಗಂಟೆ ಆದಮೇಲೆ ಕೂಗುತ್ತೆ, ಮೈನಸ್ 0.5ಕ್ಕಿಂತ ಕೆಳಗಿಳಿದರೆ 60 ನಿಮಿಷಕ್ಕೇ ಕೂಗುತ್ತೆ. ಹೆಪಟೈಟಿಸ್ ಬಿ, ಪೆಂಟಾವೇಲೆಂಟ್, ಟಿಡಿ ಲಸಿಕೆಗಳು ಒಮ್ಮೆ ಹೆಪ್ಪುಗಟ್ಟಿದರೆ ಎಸೆಯೋದೇ. ಇನ್ಸುಲಿನ್ನೂ ಅಷ್ಟೇ. ‘ಇನ್ನೂ ತಣ್ಣಗಾದರೆ ಒಳ್ಳೇದೇ ಅಲ್ವಾ’ ಅನ್ನೋರಿಗೆ ಇದನ್ನ ತಿಳಿಹೇಳೋದೇ ಅರ್ಧ ಕೆಲಸ.

ಆ 10 ಗಂಟೆಯನ್ನ ಮಾತ್ರ ಹಾಗೇ ಎತ್ಕೋಬೇಡಿ, ಅಷ್ಟು ಕಾದರೆ ಸ್ಟಾಕ್ ಸಾಗಿಸೋಕೆ ಹೊತ್ತೇ ಉಳಿಯಲ್ಲ. ನಮ್ಮಲ್ಲಿ 8 ದಾಟಿ ಅರ್ಧ ಗಂಟೆ ಆದರೆ ಡ್ಯೂಟಿಯವರಿಗೆ ಮೆಸೇಜ್, ಎರಡು ಗಂಟೆ ಆದರೆ ಇನ್‌ಚಾರ್ಜ್‌ಗೆ ಫೋನು. 2ಕ್ಕಿಂತ ಇಳಿದರೆ ತಕ್ಷಣ ಮೆಸೇಜ್, ಸೊನ್ನೆಗೆ ಬಂದರೆ ರಾತ್ರಿ ಎಷ್ಟೊತ್ತಾದರೂ ಫೋನು. ಇನ್‌ಚಾರ್ಜ್ ಹದಿನೈದು ನಿಮಿಷದಲ್ಲಿ ಎತ್ತಲಿಲ್ಲ ಅಂದ್ರೆ ಮುಂದಿನವರಿಗೆ ಹೋಗುತ್ತೆ. ಬಾಗಿಲು ತೆಗೆದದ್ದು ಲಾಗ್‌ನಲ್ಲಿ ದಾಖಲಾದರೆ ಸಾಕು.

ಕರೆಂಟ್ ಅಲಾರಂ ನಿಮ್ಮ ಎರಡು ಪೆಟ್ಟಿಗೆಗೂ ಒಂದೇ ಹಂತದಲ್ಲಿ ಇರಬಾರದು. ಐಎಲ್‌ಆರ್ ಒಳಗೆ ಐಸ್ ಇರೋದರಿಂದ ದಿನಕ್ಕೆ 8 ಗಂಟೆ ಕರೆಂಟ್ ಸಿಕ್ಕರೂ ತಡ್ಕೊಳ್ಳುತ್ತೆ. ಮಾಮೂಲಿ ಫ್ರಿಜ್‌ಗೆ ಆ ತಾಕತ್ತಿಲ್ಲ, ಅದರದ್ದನ್ನ ಒಂದು ಹಂತ ಮೇಲಕ್ಕೆ ಹಾಕಿ.

ರೆಫ್ರಿಜರೇಷನ್ ಮೆಕ್ಯಾನಿಕ್, ಮೈಸೂರು: ಮೊದಲು ಪ್ರೋಬ್, ಅಂದ್ರೆ ಸೆನ್ಸರ್‌ನ ತುದಿ, ಎಲ್ಲಿದೆ ನೋಡಿ ಮೇಡಂ. ಗಾಳಿಯಲ್ಲಿ ನೇತಾಡ್ತಿದ್ದರೆ ಬಾಗಿಲು ತೆಗೆದಾಗಲೆಲ್ಲ, ಡಿಫ್ರಾಸ್ಟ್ ಆದಾಗಲೆಲ್ಲ ಏರುತ್ತೆ, ಔಷಧಿ ಬಿಸಿಯಾಗಿರಲ್ಲ. ಗ್ಲೈಕಾಲ್ ದ್ರವ ತುಂಬಿದ ಸಣ್ಣ ಬಾಟಲಿಯಲ್ಲಿ ಅದ್ದಿಡಿ. ಸುಳ್ಳು ಅಲಾರಂ ಬಹಳಷ್ಟು ಅಲ್ಲೇ ನಿಲ್ಲುತ್ತೆ.

ಹಾಲಿನ ಡೇರಿ ಕಾರ್ಯದರ್ಶಿ, ಮದ್ದೂರು ಕಡೆ: ನಮ್ದು ಬೇರೆ ಥರ ಕಣಕ್ಕ. ಬೆಳಿಗ್ಗೆ ಸಂಜೆ ಕರೆದ ಹಾಲು ಬಿಎಂಸಿಗೆ (ಹಾಲು ತಣ್ಣಗೆ ಮಾಡೋ ದೊಡ್ಡ ಟ್ಯಾಂಕು) ಬಿತ್ತು ಅಂದ್ರೆ ಟೆಂಪರೇಚರ್ ಏರಲೇಬೇಕು. ಅದಕ್ಕೇ 4 ಡಿಗ್ರಿ ದಾಟಿದ್ದಕ್ಕೆಲ್ಲ ಅಲಾರಂ ಇಟ್ಕಂಡಿಲ್ಲ. ಹಾಲು ಹಾಕೋದು ಮುಗಿದ ಮೇಲೆ ಇಳಿಯಾಕೆ ಶುರು ಆಯ್ತಾ ನೋಡ್ತೀವಿ. ಅರ್ಧ ಗಂಟೆಯಾದ್ರೂ ಇಳೀದೆ ಇದ್ರೆ ಹಳದಿ. ಮೂರು ಗಂಟೆಗೂ 4ಕ್ಕೆ ಬರದಿದ್ರೆ ಕೆಂಪು, ಟ್ಯಾಂಕರ್‌ನವರಿಗೂ ಆವಾಗ್ಲೇ ಹೇಳ್ತೀವಿ. ಹಾಲು ಕಲಕೋ ಅಜಿಟೇಟರ್ ನಿಂತ್ರೆ ಮಾತ್ರ ಏನೂ ಕಾಯಲ್ಲ, ಮೇಲೊಂದು ಕೆಳಗೊಂದು ಟೆಂಪರೇಚರ್ ಆಗಿ ಸೆನ್ಸರ್ ಹೇಳಿದ್ದನ್ನ ನಂಬಂಗಿಲ್ಲ.

ಪ್ರಶ್ನೆ ಕೇಳಿದವರು: ಎಲ್ಲರಿಗೂ ಥ್ಯಾಂಕ್ಸ್. ಇನ್ನೊಂದು: ವೈಫೈ ಹೋಗಿ ರೀಡಿಂಗೇ ಬರದಿದ್ದರೆ ಯಾವ ಹಂತ? ಈಗ ಅದು ‘ಮಾಹಿತಿ’ ಅನ್ನೋ ಪಟ್ಟಿಯಲ್ಲಿದೆ.

ಫಾರ್ಮಾಸಿಸ್ಟ್, ಮೈಸೂರು: ಅಲ್ಲಿಂದ ತೆಗೀರಿ ಮೇಡಂ. ಕರೆಂಟ್ ಹೋದಾಗಲೇ ರೂಟರ್ರೂ ಆಫ್ ಆಗೋದು, ಫ್ರಿಜ್‌ಗೂ ಅದೇ ಹೊತ್ತಲ್ಲಿ ತೊಂದರೆ. ನಾವು ಅರ್ಧ ಗಂಟೆ ರೀಡಿಂಗ್ ಬರಲಿಲ್ಲ ಅಂದ್ರೆ ಕೆಂಪು ಅಂತಲೇ ಹಿಡಿದು ವಾರ್ಡ್‌ನವರಿಗೆ ಫೋನ್ ಮಾಡಿ ಥರ್ಮಾಮೀಟರ್ ನೋಡಿಸ್ತೀವಿ. ರೂಟರ್‌ಗೊಂದು ಸಣ್ಣ ಯುಪಿಎಸ್ ಕೂಡ ಹಾಕಿಸಿ.