ಅಪ್‌ಡೇಟ್: ಗೆಳತಿಯ ಡ್ರಾಫ್ಟ್ ಓದಿ ಏನು ಬರೆದೆ

ಬಿಎ ಕನ್ನಡ ತರಗತಿಯಲ್ಲಿ ಒಬ್ಬರ ಪ್ರಬಂಧದ ಡ್ರಾಫ್ಟ್ ಓದಿ ಇನ್ನೊಬ್ಬರು ಅಭಿಪ್ರಾಯ ಬರೆಯಬೇಕು, ಗೆಳತಿಗೆ ಬೇಜಾರಾಗದ ಹಾಗೆ ಹೇಳುವುದು ಹೇಗೆ ಅಂತ ಕೇಳಿದ್ದೆ. ಉತ್ತರ ಕೊಟ್ಟವರಿಗೆಲ್ಲ ಥ್ಯಾಂಕ್ಸ್.

ಅವಳ ವಿಷಯ ಕರ್ನಾಟಕದ ಏಕೀಕರಣ. ನಿಮ್ಮಲ್ಲೊಬ್ಬರು ಹೇಳಿದಂತೆ ಪೆನ್ನು ಬದಿಗಿಟ್ಟು, "ನಿಂಗೆ ಎಲ್ಲಿ ಸರಿ ಬಂದಿಲ್ಲ ಅನ್ಸುತ್ತೆ?" ಅಂತ ಮೊದಲು ಅವಳನ್ನೇ ಕೇಳಿದೆ. "ಶುರು ಉದ್ದ ಆಯ್ತು ಕಣೇ" ಅಂದಳು. ಅರ್ಧ ಕೆಲಸ ಅಲ್ಲೇ ಮುಗಿಯಿತು. ನಿಜಕ್ಕೂ ಮೊದಲ ಎರಡು ಪುಟ ಕದಂಬರಿಂದ ವಿಜಯನಗರದವರೆಗೆ ಓಡಿತ್ತು. "ಚೆನ್ನಾಗಿಲ್ಲ" ಅನ್ನಲಿಲ್ಲ. "ಮೈಸೂರು, ಮುಂಬೈ, ಹೈದರಾಬಾದ್, ಮದ್ರಾಸ್, ಕೊಡಗು ಅಂತ ಕನ್ನಡಿಗರು ಹಂಚಿಹೋಗಿದ್ದರು ಅನ್ನುವ ಕಡೆ ನನಗೆ ಕುತೂಹಲ ಹುಟ್ಟಿತು. ಅಲ್ಲಿಂದಲೇ ಶುರು ಮಾಡಿದರೆ?" ಅಂತ ಬರೆದೆ.

ರಾಜ್ಯಕ್ಕೆ 1956ರಲ್ಲೇ ಕರ್ನಾಟಕ ಅನ್ನುವ ಹೆಸರು ಬಂತು ಅಂತಲೂ ಇತ್ತು. ಆಗ ಅದು ಮೈಸೂರು ರಾಜ್ಯ. ಹೆಸರು ಬದಲಾದದ್ದು 1973ರ ನವೆಂಬರ್ 1ರಂದು. ಇಂಥದ್ದಕ್ಕೆ ಸುತ್ತಿ ಬಳಸಿ ಹೇಳುವ ಅಗತ್ಯ ಇಲ್ಲ, ನೇರವಾಗಿಯೇ ಬರೆದೆ. ಕಾಗುಣಿತ ಮುಟ್ಟಲಿಲ್ಲ. ಶುರುವಿನ ಪ್ಯಾರಾಗಳೇ ಹೋಗಬಹುದು, ಈಗಲೇ ತಿದ್ದಿ ಏನು ಪ್ರಯೋಜನ?

ಎರಡು ಹೊಗಳಿಕೆಯ ನಡುವೆ ಒಂದು ಟೀಕೆ ಇಡಿ ಅನ್ನುವ ಸಲಹೆ ಮಾತ್ರ ಪಾಲಿಸಲಿಲ್ಲ. ಸುಮ್ನೆ ಹೊಗಳಿದರೆ ಗೊತ್ತಾಗಿಬಿಡುತ್ತೆ ಅಲ್ವಾ.

ಅವಳು ಶುರು ಬದಲಿಸಿದಳು. ಕದಂಬರ ಬಗ್ಗೆ ಒಂದು ಸಾಲು ಮಾತ್ರ ಹಟ ಹಿಡಿದು ಉಳಿಸಿಕೊಂಡಳು. ಇರಲಿ, ಅದು ಅವಳ ಪ್ರಬಂಧ. ಈಗ ನನ್ನ ಡ್ರಾಫ್ಟ್ ಅವಳ ಕೈಯಲ್ಲಿದೆ.