ಪದಚರ್ಚೆ: 'ಪಂಕ್ ರಾಕ್' ಅಂದರೆ 'ಬಂಡಾಯ ಸಂಗೀತ'ವೇ?

ಗೆಳೆಯರೇ,

ಎಪ್ಪತ್ತರ ದಶಕದ ಒರಟು, ವೇಗದ ರಾಕ್ ಸಂಗೀತವಾದ ಪಂಕ್ ರಾಕ್‌ನ ಮೊದಲ ವರ್ಷಗಳ ಬಗ್ಗೆ ಒಂದು ಲೇಖನ ಬರೆಯುತ್ತಿದ್ದೇನೆ. 'ಪಂಕ್' ಅನ್ನೋದಕ್ಕೆ ಥಟ್ಟನೆ ಹೊಳೆಯುವ ಕನ್ನಡ 'ಬಂಡಾಯ ಸಂಗೀತ'. ನನಗೆ ಅದು ಒಪ್ಪಿಗೆಯಾಗುತ್ತಿಲ್ಲ.

ಈ ಪದ ಮೂಲತಃ ಬೈಗುಳ. ಶೇಕ್ಸ್‌ಪಿಯರ್ ಕಾಲದಲ್ಲಿ ಅದಕ್ಕೆ ಸೂಳೆ ಎಂಬ ಅರ್ಥವಿತ್ತು. ಇಪ್ಪತ್ತನೇ ಶತಮಾನದ ಅಮೆರಿಕದಲ್ಲಿ ಕೆಲಸಕ್ಕೆ ಬಾರದ ಪುಂಡ ಹುಡುಗರಿಗೆ ಹಾಗೆ ಬೈಯುತ್ತಿದ್ದರು. 1971ರಲ್ಲಿ ಅಮೆರಿಕದ ರಾಕ್ ಸಂಗೀತ ಪತ್ರಿಕೆ 'ಕ್ರೀಮ್'ನ ಡೇವ್ ಮಾರ್ಷ್ 'ಪಂಕ್ ರಾಕ್' ಎಂದು ಬರೆದದ್ದು ಅರವತ್ತರ ದಶಕದ ಒಂದು ಗ್ಯಾರೇಜ್ ತಂಡದ (ಸರಳ, ಒರಟು ರಾಕ್ ನುಡಿಸುವ ಹುಡುಗರ ತಂಡ) ಬಗ್ಗೆ. 1976ರ ಜನವರಿಯಲ್ಲಿ ನ್ಯೂಯಾರ್ಕ್‌ನ ಜಾನ್ ಹೋಮ್‌ಸ್ಟ್ರಾಮ್ ಮತ್ತು ಗೆಳೆಯರು ತಮ್ಮ ಪತ್ರಿಕೆಗೆ 'ಪಂಕ್' ಅಂತಲೇ ಹೆಸರಿಟ್ಟರು. ಬೈಸಿಕೊಂಡವರೇ ಬೈಗುಳವನ್ನು ಎತ್ತಿ ಎದೆಗೆ ಅಂಟಿಸಿಕೊಂಡರು! ಈ ಗತ್ತು 'ಬಂಡಾಯ'ದಲ್ಲಿ ಎಲ್ಲಿದೆ?

ಅದೂ ಅಲ್ಲದೆ, ನ್ಯೂಯಾರ್ಕ್‌ನ ಸಿಬಿಜಿಬಿ ಕ್ಲಬ್ಬಿನಲ್ಲಿ 1974ರಿಂದ ನುಡಿಸುತ್ತಿದ್ದ ರಮೋನ್ಸ್ ತಂಡವನ್ನು ಕೇಳಿ. 1976ರ ಅವರ ಮೊದಲ ಆಲ್ಬಂನಲ್ಲಿ 14 ಹಾಡುಗಳಿವೆ, ಎಲ್ಲ ಸೇರಿ ಅರ್ಧ ಗಂಟೆಯೂ ಇಲ್ಲ. ಬೇಸರ, ಹೊಡೆದಾಟ, ಹುಡುಗಿಯ ಮೇಲಿನ ಆಸೆ, ಇಷ್ಟೇ ಜಾಸ್ತಿ. ಕ್ರಾಂತಿಯ ಘೋಷಣೆ ಇಲ್ಲ. ಲಂಡನ್ನಿನ ಸೆಕ್ಸ್ ಪಿಸ್ಟಲ್ಸ್, ಕ್ಲ್ಯಾಶ್ ತಂಡಗಳಿಗಾದರೆ 'ಬಂಡಾಯ' ಸ್ವಲ್ಪ ಹೊಂದೀತು. ಆದರೆ ನಮ್ಮಲ್ಲಿ ಆ ಪದಕ್ಕೆ 1979ರ ಸಾಹಿತ್ಯ ಚಳವಳಿಯ ತೂಕವಿದೆ. ಅದನ್ನು ಸುಮ್ನೆ ಇಲ್ಲಿಗೆ ಎಳೆಯುವುದು ಎರಡಕ್ಕೂ ಅನ್ಯಾಯ.

ನನ್ನ ಮನಸ್ಸಿನಲ್ಲಿರುವ ಪದಗಳು ಇವು. 'ಪುಂಡ'ದಲ್ಲಿ ಹಿಂಸೆಯ ವಾಸನೆ ಜಾಸ್ತಿ. 'ಪೋಲಿ' ಅಂದರೆ ಓದುಗರ ಗಮನ ಅಶ್ಲೀಲದ ಕಡೆ ಹೋಗುತ್ತದೆ. 'ಪೋಕರಿ' ತೀರಾ ಮುದ್ದಾಯಿತು. ಉತ್ತರ ಕರ್ನಾಟಕದ 'ಉಡಾಳ' ನನಗೆ ಬಹಳ ಇಷ್ಟ. ಹಿರಿಯರ ತಾತ್ಸಾರ, ಹುಡುಗರ ಬೇಫಿಕರ್ ನಡೆ ಎರಡೂ ಅದರಲ್ಲಿವೆ, ಅಲ್ವಾ? ಮೈಸೂರು, ಮಂಗಳೂರು ಕಡೆಯವರಿಗೂ ಅದು ಅದೇ ದನಿಯಲ್ಲಿ ಕೇಳಿಸುತ್ತದೆಯೇ?

ಸಂಗೀತದ ಹೆಸರಾಗಿ 'ಪಂಕ್' ಹಾಗೇ ಇರಲಿ, ಅರ್ಥ ವಿವರಿಸುವಾಗ ಮಾತ್ರ 'ಉಡಾಳ' ಬಳಸೋಣ ಅಂತ ನನ್ನ ಯೋಚನೆ. ಆಗ ವಿಭಕ್ತಿಯ ತೊಡಕು ಬರುತ್ತದೆ. 'ಪಂಕದ ಹಾಡು' ಅಂದರೆ ಕೆಸರಿನ ಹಾಡಾಗುತ್ತದೆ. 'ಪಂಕ್‌ನ', 'ಪಂಕಿನ' ಇವೆರಡರಲ್ಲಿ ನೀವು ಯಾವುದನ್ನು ಬರೆಯುತ್ತೀರಿ?

ಇನ್ನೊಂದು ಪ್ರಶ್ನೆ. 1976ರಲ್ಲಿ ಲಂಡನ್ನಿನ ಬ್ಯಾಂಕ್ ಗುಮಾಸ್ತ ಮಾರ್ಕ್ ಪೆರ್ರಿ ಪಂಕ್ ಬಗ್ಗೆ ಟೈಪು ಮಾಡಿ, ತಲೆಬರಹ ಕೈಯಲ್ಲೇ ಗೀಚಿ, ಝೆರಾಕ್ಸ್ ತೆಗೆದು ಹಂಚಿದಂಥ ಪತ್ರಿಕೆಗಳನ್ನು 'ಕೈಬರಹ ಪತ್ರಿಕೆ' ಅನ್ನಬಹುದೇ? ನಮ್ಮ ಶಾಲಾ ಕಾಲೇಜುಗಳಲ್ಲಿ ಆ ಹೆಸರು ಬಳಕೆಯಲ್ಲಿದೆ. ಆದರೆ ಅಲ್ಲಿ ಇರುವುದು ಒಂದೇ ಪ್ರತಿ, ಇಲ್ಲಿ ನೂರಾರು. ಇದಕ್ಕಿಂತ ಒಪ್ಪುವ ಪದವಿದ್ದರೆ ದಯವಿಟ್ಟು ತಿಳಿಸಿ.