ಜ್ಞಾನಭಾರತಿ ಹತ್ತಿರ ರೂಮ್: 8,000 ರೂಪಾಯಿಯಲ್ಲಿ ಇಬ್ಬರಿಗೆ ಏನೇನು ಕೊಳ್ಳಬೇಕು?

ಶಿರಾ_ಹುಡುಗ
ಎಲ್ಲರಿಗೂ ನಮಸ್ಕಾರ. ಬೆಂಗಳೂರು ವಿಶ್ವವಿದ್ಯಾಲಯದಲ್ಲಿ ಎಂ.ಎಸ್ಸಿ. ಸೀಟು ಸಿಕ್ಕಿದೆ, ಜ್ಞಾನಭಾರತಿ ಹತ್ತಿರ ಇಬ್ಬರು ಸೇರಿ ರೂಮ್ ಮಾಡುತ್ತಿದ್ದೇವೆ. ಫ್ಯಾನು, ಟ್ಯೂಬ್‌ಲೈಟು ಬಿಟ್ಟರೆ ಬರೀ ಗೋಡೆ. ಮಂಚ ಇಲ್ಲ, ಗೀಸರ್ ಇಲ್ಲ. ಅಡುಗೆ ನಮ್ಮದೇ. ಇಬ್ಬರದೂ ಸೇರಿ 8,000 ಇದೆ. 2000 ವ್ಯಾಟಿನ ಇಂಡಕ್ಷನ್ ಸ್ಟವ್ ಆಫರಿನಲ್ಲಿದೆ, ಈಗಲೇ ತಗೊಳ್ಳಲಾ? ಊರಿಂದ ಏನು ತರಬೇಕು, ಅಲ್ಲೇ ಏನು ಕೊಳ್ಳಬೇಕು?

ವೈರಿಂಗ್_ಮೇಷ್ಟ್ರು
ತಡಿ ತಮ್ಮಾ, ಮೊದಲು ರೂಮಿನ ಪ್ಲಗ್ ಪಾಯಿಂಟ್ ನೋಡಿಕೊಂಡು ಬಾ. ಬಾಡಿಗೆ ರೂಮುಗಳಲ್ಲಿ ಸಾಮಾನ್ಯವಾಗಿ ಇರೋದು ಸಣ್ಣ ತೂತಿನ 6 ಆಂಪಿಯರ್ ಸಾಕೆಟ್. ಅದು 230 ವೋಲ್ಟಿನಲ್ಲಿ ಹೊರೋದು 1380 ವ್ಯಾಟ್ ಅಷ್ಟೇ. 2000 ವ್ಯಾಟಿನ ಸ್ಟವ್ ಎಳೆಯೋದು ಹೆಚ್ಚುಕಡಿಮೆ 8.7 ಆಂಪಿಯರ್. ದಪ್ಪ ಪಿನ್ನು ಕೂರಲ್ಲ ಅಂತ ಕನ್ವರ್ಟರ್ ಸಿಕ್ಕಿಸಿದರೆ ಸಾಕೆಟ್ಟಿನೊಳಗಿನ ಲೋಹದ ಪಟ್ಟಿ ಕಾದು ಪ್ಲಾಸ್ಟಿಕ್ ಕರಗುತ್ತೆ. ಸುಟ್ಟ ವಾಸನೆ ಬರೋ ಹೊತ್ತಿಗೆ ಒಳಗಿನ ವೈರಿನ ಹೊದಿಕೆಯೂ ಹೋಗಿರುತ್ತೆ.

ದಪ್ಪ ತೂತಿನ 16 ಆಂಪಿಯರ್ ಪಾಯಿಂಟ್ ಇದ್ದರೆ ಧೈರ್ಯವಾಗಿ ತಗೋ. ಇಲ್ಲದಿದ್ದರೆ 1200 ವ್ಯಾಟಿನದು ಹುಡುಕು. ಎಕ್ಸ್‌ಟೆನ್ಷನ್ ಬೋರ್ಡಿನಲ್ಲಿ ಸ್ಟವ್ ಬೇಡವೇ ಬೇಡ.

ನೀರು ಕಾಯಿಸೋ ರಾಡಿಗೂ ಇದೇ ಲೆಕ್ಕ. 1500 ವ್ಯಾಟಿನದು 6.5 ಆಂಪಿಯರ್ ಎಳೆಯುತ್ತೆ, ಸಣ್ಣ ಸಾಕೆಟ್ಟಿಗೆ ಜಾಸ್ತಿ. ಐಎಸ್‌ಐ ಗುರುತಿನ 1000 ವ್ಯಾಟಿನದು ತಗೋ. 15 ಲೀಟರ್ ನೀರು ಸ್ನಾನದ ಹದಕ್ಕೆ ಬರೋಕೆ ಅರ್ಧ ಗಂಟೆ. ಗುರುತಿನ ಗೆರೆವರೆಗೆ ಮುಳುಗಿರಲಿ, ನೀರಿಲ್ಲದೆ ಹಾಕಿದರೆ ಕಾಯಿಲ್ ಸುಟ್ಟುಹೋಗುತ್ತೆ. ಕಬ್ಬಿಣದ ಬಕೆಟ್ ಬೇಡ. ಪ್ಲಾಸ್ಟಿಕ್ ಬಕೆಟ್ಟಿನ ಗೋಡೆಗೂ ತಾಗದ ಹಾಗೆ ತೂಗುಹಾಕು. ಪ್ಲಗ್ಗನ್ನೇ ಕಿತ್ತ ಮೇಲೆ ನೀರು ಮುಟ್ಟು, ಸ್ವಿಚ್ ಆಫ್ ಮಾಡಿದೆ ಅಂತ ನಂಬಬೇಡ. ರಾಡು, ಸ್ಟವ್ ಎರಡನ್ನೂ ಒಟ್ಟಿಗೆ ಹಾಕಿದರೆ ಎಂಸಿಬಿ (ಕರೆಂಟ್ ಜಾಸ್ತಿಯಾದರೆ ತಾನೇ ಆಫ್ ಆಗೋ ಸ್ವಿಚ್) ಬೀಳಬಹುದು.

ಪಾತ್ರೆ_ಪೇಟೆ
ಮೇಷ್ಟ್ರು ಹೇಳಿದ್ದು ಸರಿ. ಸ್ಟವ್, ಕುಕ್ಕರ್, ರಾಡ್ ಮೂರಕ್ಕೆ ಅರ್ಧ ದುಡ್ಡು ಎತ್ತಿಡಿ. ತಟ್ಟೆ, ಲೋಟ, ಸೌಟು, ಚಾಕು, ಡಬ್ಬಿ ಎಲ್ಲ ಮನೆಯಿಂದಲೇ ತನ್ನಿ, ಅದಕ್ಕೆ ಒಂದು ರೂಪಾಯಿಯೂ ಹಾಕಬೇಡಿ. ಕೆಎಸ್‌ಆರ್‌ಟಿಸಿ ಬಸ್ಸಿನಲ್ಲಿ ಒಬ್ಬರಿಗೆ 30 ಕೆಜಿವರೆಗೆ ಲಗೇಜಿಗೆ ದುಡ್ಡಿಲ್ಲ.

ಕುಕ್ಕರ್ ಇಬ್ಬರಿಗೆ 3 ಲೀಟರಿನದು ಸಾಕು, ಆದರೆ ಇಂಡಕ್ಷನ್ ಬೇಸ್ ಇರಬೇಕು. ಊರಿನ ಅಲ್ಯೂಮಿನಿಯಂ ಕುಕ್ಕರ್ ತಂದರೆ ಸ್ಟವ್ ಬರೀ ಬೀಪ್ ಹೊಡೆಯುತ್ತೆ. ಸ್ಟೀಲ್ ಪಾತ್ರೆ ಕೊಳ್ಳುವಾಗ ಜೇಬಿನಲ್ಲೊಂದು ಅಯಸ್ಕಾಂತ ಇರಲಿ. ತಳಕ್ಕೆ ಗಟ್ಟಿಯಾಗಿ ಅಂಟದಿದ್ದರೆ ವಾಪಸ್ ಇಡಿ. ತಳ ಚಪ್ಪಟೆ ಇರಬೇಕು, ಅಡ್ಡಳತೆ 12 ಸೆಂಟಿಮೀಟರಿಗಿಂತ ಕಡಿಮೆ ಇದ್ದರೆ ಎಷ್ಟೋ ಸ್ಟವ್‌ಗಳು ಪಾತ್ರೆಯನ್ನು ಗುರುತಿಸುವುದೇ ಇಲ್ಲ. ಪುಟ್ಟ ಟೀ ಪಾತ್ರೆ ಕೊಂಡು ಪೇಚಾಡೋದು ಇದಕ್ಕೇ.

ಪಾತ್ರೆ ಕೊಳ್ಳೋಕೆ ಮೆಟ್ರೋದಲ್ಲಿ ಹೋಗಿ; ಮೆಜೆಸ್ಟಿಕ್‌ನಲ್ಲಿ ಹಸಿರು ಮಾರ್ಗಕ್ಕೆ ಬದಲಾಯಿಸಿ, ಮುಂದಿನ ನಿಲ್ದಾಣ ಚಿಕ್ಕಪೇಟೆಯಲ್ಲಿ ಇಳಿಯಿರಿ. ಅಲ್ಲಿ ಸ್ಟೀಲ್ ಪಾತ್ರೆಗೆ ತೂಕದ ಲೆಕ್ಕ; ಕೆಜಿಗೆ ಎಷ್ಟು ಅಂತ ಮೊದಲೇ ಕೇಳಿ, ಎದುರಿಗೇ ತೂಗಿಸಿ. ಹಗುರ ಇದ್ದರೆ ಅಗ್ಗ ನಿಜ, ಸಾರು ತಳ ಹಿಡಿಯುತ್ತೆ. ಭಾನುವಾರ ಹೋಗಬೇಡಿ, ಸುಮಾರು ಹೋಲ್‌ಸೇಲ್ ಅಂಗಡಿ ಬಾಗಿಲು ಹಾಕಿರುತ್ತವೆ.

ಮಲೆನಾಡ_ಮಳೆ
ಹಾಸಿಗೆಯನ್ನು ಮಾತ್ರ ರೂಮ್ ಹತ್ತಿರವೇ ತಗೊಳ್ಳಿ, ಆಟೋ ಬಾಡಿಗೆ ಉಳಿಯುತ್ತೆ. ಮಂಚ ಇಲ್ಲ ಅಂದಿರಿ. ನೆಲದ ಮೇಲೆ ನೇರ ಹಾಸಿದರೆ ತೇವ ಕಟ್ಟಿ ಅಡಿಭಾಗ ಬೂಷ್ಟು ಹಿಡಿಯುತ್ತೆ. ಕೆಳಗೆ ಪ್ಲಾಸ್ಟಿಕ್ ಚಾಪೆ ಹಾಕಿ, ಬೆಳಿಗ್ಗೆ ಸುತ್ತಿ ಗೋಡೆಗೆ ನಿಲ್ಲಿಸಿ. ಹಾಗಾಗಿ ಮಡಚಲು ಬರುವ ತೆಳ್ಳನೆ ಹತ್ತಿ ಹಾಸಿಗೆಯೇ ಒಳ್ಳೆಯದು. ಕಂಬಳಿ, ದಿಂಬು ಊರಿನದೇ ಇರಲಿ. ಬಟ್ಟೆ ಒಣಗಿಸೋ ಹಗ್ಗ ಮರೀಬೇಡಿ.

ಶಿರಾ_ಹುಡುಗ
ಓನರಿಗೆ ಫೋನ್ ಮಾಡಿ ಕೇಳಿದೆ, 16 ಆಂಪಿಯರ್ ಪಾಯಿಂಟ್ ಇಲ್ಲವಂತೆ. 1200 ವ್ಯಾಟಿನದೇ ತಗೋತೀವಿ. ಒಂದೇ ಅನುಮಾನ: ಇಂಡಕ್ಷನ್ ಮೇಲೆ ಮುದ್ದೆ ಆಗುತ್ತಾ?

ಪಾತ್ರೆ_ಪೇಟೆ
ಆಗುತ್ತೆ, ಆದರೆ ಸ್ಟವ್ ಮೇಲೆ ತಿರುವಬೇಡಿ. ಗಾಜಿನ ಮೇಲೆ ಪಾತ್ರೆ ಜಾರುತ್ತೆ, ಕೋಲಿನ ಒತ್ತಡಕ್ಕೆ ಗಾಜು ಬಿರುಕು ಬಿಡಬಹುದು. ದಪ್ಪ ತಳದ ಪಾತ್ರೆಯಲ್ಲಿ ಎರಡು ಲೋಟ ನೀರಿಗೆ ಒಂದು ಲೋಟ ರಾಗಿಹಿಟ್ಟು. ಒಂದು ಚಮಚ ಹಿಟ್ಟನ್ನು ಮೊದಲೇ ತಣ್ಣೀರಲ್ಲಿ ಕದಡಿ ಹಾಕಿ ಕುದಿಸಿ, ಆಮೇಲೆ ಉಳಿದ ಹಿಟ್ಟು ಗುಡ್ಡೆಯಾಗಿ ಸುರಿದು ಸಣ್ಣ ಉರಿಯಲ್ಲಿ ಐದಾರು ನಿಮಿಷ ಮುಚ್ಚಿಡಿ. ಇಳಿಸಿ, ನೆಲದ ಮೇಲೆ ಒದ್ದೆ ಬಟ್ಟೆ ಸಿಂಬಿ ಮಾಡಿ ಅದರೊಳಗೆ ಪಾತ್ರೆ ಕೂರಿಸಿ ತಿರುವಿ. ಗಂಟು ಒಡೆದ ಮೇಲೆ ಇನ್ನೆರಡು ನಿಮಿಷ ಸ್ಟವ್ ಮೇಲಿಟ್ಟು ಹಬೆ ಬರಿಸಿ. ಮುದ್ದೆ ಕೋಲು ಊರಿಂದಲೇ ತನ್ನಿ.